ರಂಗನತಿಟ್ಟಿನ ದೋಣಿಯಲ್ಲಿ 55-250 ಮತ್ತು 150-600

ಹಕ್ಕಿ ಫೋಟೋ ತೆಗೆಯಲು ಶುರುಮಾಡಿದವರು ಮೊದಲು ಕೇಳುವ ಪ್ರಶ್ನೆ, ಇರುವ 55-250 ಎಂಎಂ ಜೂಮ್ ಲೆನ್ಸ್ ಸಾಕೇ, ದೂರದ್ದನ್ನು ಇನ್ನೂ ಹತ್ತಿರ ತೋರುವ 150-600 ತಗೊಳ್ಳಲೇಬೇಕೇ ಎಂಬುದು. ರಂಗನತಿಟ್ಟಿನಲ್ಲಿ ಒಂದೇ 24 ಮೆಗಾಪಿಕ್ಸೆಲ್ ಕ್ರಾಪ್ ಸೆನ್ಸರ್ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಕ್ಕೆ ಕ್ಯಾನನ್ 55-250 ಎಸ್‌ಟಿಎಂ ಮತ್ತು ಸಿಗ್ಮಾ 150-600 ಕಂಟೆಂಪರರಿ ಎರಡನ್ನೂ ಹಾಕಿ ನೋಡಿದರೆ, ಹತ್ತು ಮೀಟರ್ ಒಳಗೆ ಕೂತ ಹಕ್ಕಿಗೆ ಚಿಕ್ಕ ಲೆನ್ಸೇ ಧಾರಾಳ.

ತೂಕದಲ್ಲೇ ಅಜಗಜಾಂತರ. ಒಂದು 375 ಗ್ರಾಂ, ಇನ್ನೊಂದು ಹತ್ತಿರಹತ್ತಿರ ಎರಡು ಕಿಲೋ. ದೋಣಿಯಲ್ಲಿ ಟ್ರೈಪಾಡ್ ಇಟ್ಟರೆ ಅಲುಗಾಟವೆಲ್ಲ ಅದರ ಕಾಲುಗಳಿಂದ ನೇರ ಕ್ಯಾಮೆರಾಕ್ಕೇ ಏರುತ್ತದೆ. ಹಾಗಾಗಿ ಕೈಯಲ್ಲೇ ಹಿಡಿಯಬೇಕು. ಎಡತೋಳು ಸೋತ ಮೇಲೆ ಹಾರುವ ರೀವದ (ಟರ್ನ್ ಹಕ್ಕಿ) ಬೆನ್ನುಹತ್ತುವುದು ಕನಸಿನ ಮಾತು.

ಬೆಳಕಿನ ಲೆಕ್ಕದಲ್ಲಿ ದುಬಾರಿ ಲೆನ್ಸ್ ಹಿಂದೆ ಬೀಳುವುದು ಅನೇಕರಿಗೆ ಗೊತ್ತಿರುವುದಿಲ್ಲ. 250ರಲ್ಲಿ ಎಫ್5.6 ಸಿಗುತ್ತದೆ, 600ರಲ್ಲಿ ಎಫ್6.3 ಮಾತ್ರ. ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ. ಕೈ ನಡುಕ ತಪ್ಪಿಸಲು ಮೊದಲನೆಯದಕ್ಕೆ 1/500 ಸೆಕೆಂಡಿನ ಷಟರ್ ವೇಗ ಸಾಕು, ಎರಡನೆಯದಕ್ಕೆ ಕನಿಷ್ಠ 1/1000 ಬೇಕು. ಅಲ್ಲಿ ಐಎಸ್‌ಓ (ಸೆನ್ಸರಿನ ಬೆಳಕಿನ ಸಂವೇದನೆ) 800 ಇದ್ದರೆ ಇಲ್ಲಿ 2000. ಲೆನ್ಸಿನ ಸ್ಟೆಬಿಲೈಸರ್ ತಡೆಯುವುದು ಕೈ ನಡುಕವನ್ನು, ರೆಕ್ಕೆ ಬಡಿತವನ್ನಲ್ಲ.

ದೂರ ಹೆಚ್ಚಾದಂತೆ ಲೆಕ್ಕ ತಿರುವುಮುರುವಾಗುತ್ತದೆ. 250ರ ಫೋಟೋವನ್ನು 600ರಷ್ಟು ದೊಡ್ಡದಾಗಿ ಕಾಣುವಂತೆ ಅಂಚು ಕತ್ತರಿಸಿ ಕ್ರಾಪ್ ಮಾಡಿದರೆ 24ರಲ್ಲಿ ಉಳಿಯುವುದು ಸುಮಾರು 4 ಮೆಗಾಪಿಕ್ಸೆಲ್. 8×12 ಇಂಚಿನ ಪ್ರಿಂಟಿಗೆ ಅಷ್ಟು ಸಾಕು, ಆದರೆ ನಾಯ್ಸ್ (ಫೋಟೋದ ಕಾಳುಕಾಳು ಚುಕ್ಕೆ) ಕೂಡ ಜೊತೆಗೇ ಹಿಗ್ಗಿ ಗರಿಗಳ ಗೆರೆ ಕರಗುತ್ತದೆ. ಆಚೆ ದಡದ ಬಂಡೆಯ ಮೇಲಿನ ಹಕ್ಕಿಗೆ 600ಕ್ಕೆ ಬದಲಿ ಇಲ್ಲ, ಅದನ್ನು ಒಪ್ಪಲೇಬೇಕು.

ಹತ್ತಿರದಲ್ಲಿ ಮಾತ್ರ ಅದೇ 600 ಕೈಕೊಡುತ್ತದೆ. ಹತ್ತು ಮೀಟರ್ ದೂರದ ಬಣ್ಣದ ಕೊಕ್ಕರೆ ಕ್ಯಾಮೆರಾ ಕಡೆ ಮುಖ ಮಾಡಿದೆ ಎನ್ನಿ. 600 ಎಂಎಂ, ಎಫ್6.3ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಆರೇಳು ಸೆಂಟಿಮೀಟರ್ ಅಷ್ಟೇ. ಫೋಕಸ್ ಕಣ್ಣಿಗೆ ಬಿದ್ದರೆ ಕೊಕ್ಕಿನ ತುದಿ ಮಸುಕು, ಕೊಕ್ಕಿಗೆ ಬಿದ್ದರೆ ಕಣ್ಣೇ ಹೋಯಿತು. 250 ಎಂಎಂ, ಎಫ್5.6ರಲ್ಲಿ ಆ ಆಳ ಮೂವತ್ತು ಸೆಂಟಿಮೀಟರ್ ದಾಟುತ್ತದೆ. 600 ಹಿಡಿದವರು ಹಕ್ಕಿ ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು, ಇಲ್ಲವೇ ಜೂಮ್ ಹಿಂದಕ್ಕೆ ಎಳೆಯಬೇಕು.

ಇನ್ನು ಕೆಲವಕ್ಕೆ ಯಾವ ಲೆನ್ಸೂ ಉತ್ತರವಲ್ಲ. ಕಪ್ಪು ನೀರಿನ ಮುಂದೆ ಬಿಳಿ ಚಮಚಕೊಕ್ಕು ಚೌಕಟ್ಟಿನಲ್ಲಿ ಚಿಕ್ಕದಾಗಿದ್ದರೆ ಕ್ಯಾಮೆರಾದ ಬೆಳಕಿನ ಮೀಟರ್ ಮೋಸಹೋಗಿ ಬೆಳಕು ಜಾಸ್ತಿ ಬಿಡುತ್ತದೆ, ಫೋಟೋದಲ್ಲಿ ಗರಿ ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಕಾಂಪನ್ಸೇಶನ್ (ಬೆಳಕು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) -0.7ರಿಂದ -1ಕ್ಕೆ ಇಳಿಸಿ, ಹಿಸ್ಟೋಗ್ರಾಮಿನ (ಬೆಳಕಿನ ಹಂಚಿಕೆ ತೋರುವ ನಕ್ಷೆ) ಬಲತುದಿ ಗೋಡೆಗೆ ಅಂಟದಂತೆ ನೋಡಿಕೊಳ್ಳಿ. ಬಿಸಿಲೇರಿದ ಮೇಲೆ ಕಾದ ಬಂಡೆಗಳ ಮೇಲಿನ ಗಾಳಿ ಕುಣಿಯುತ್ತದೆ. ಆಗ ದೂರದ ಹಕ್ಕಿ 600ರಲ್ಲೂ ಮೆತ್ತಗೇ ಬರುವುದು. ಲೆನ್ಸ್ ಸರಿಯಿಲ್ಲ ಎಂದು ಸರ್ವಿಸ್ ಸೆಂಟರಿಗೆ ಓಡುವ ಮುಂಚೆ ಬೆಳಗಿನ ಮೊದಲ ದೋಣಿಯಲ್ಲಿ ಒಮ್ಮೆ ತೆಗೆದು ನೋಡಿ. ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಮೊದಲು ಅದನ್ನು ಬಿಚ್ಚಿ.

ಹಾರುವ ರೀವಕ್ಕೆ ಎರಡರಲ್ಲೂ 1/2000, ಹಕ್ಕಿಯನ್ನು ಹಿಂಬಾಲಿಸುವ ನಿರಂತರ ಫೋಕಸ್. ಇಲ್ಲಿ ಸಿಗ್ಮಾಕ್ಕೆ ಒಂದು ಅನುಕೂಲ ಇದೆ: ಫೋಕಸ್ ಲಿಮಿಟರ್ ಅನ್ನು 10 ಮೀಟರ್‌ನಿಂದ ಆಚೆಗೆ ಹಾಕಿದರೆ ಲೆನ್ಸ್ ಹತ್ತಿರದ ದೂರಗಳಲ್ಲಿ ತಡಕಾಡುವುದಿಲ್ಲ. 55-250ರಲ್ಲಿ ಆ ಸ್ವಿಚ್ಚೇ ಇಲ್ಲ.

ಕೊಳ್ಳುವ ಮೊದಲು ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ 150-600 ತಂದು ನೋಡಬಹುದು. ತೆಗೆದುಕೊಳ್ಳುವಾಗ ಜೂಮ್ ಲಾಕ್ ಸರಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ. ಸಡಿಲವಾಗಿದ್ದರೆ ಕೆಳಮುಖ ಹಿಡಿದು ನಡೆಯುವಾಗ ಲೆನ್ಸ್ ತಾನಾಗಿ ಉದ್ದವಾಗುತ್ತದೆ.