ಬೇಸಿಗೆಯಲ್ಲಿ ಕೊಡಗಿನ ಮನೆ ನೋಡಿ ದುಡ್ಡು ಕೊಡಬೇಡಿ

ಮಡಿಕೇರಿ ಸುತ್ತಮುತ್ತ ಹಳೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಾರ್ಚ್, ಏಪ್ರಿಲ್‌ನಲ್ಲಿ ಬಂದು ನೋಡಿದರೆ ಇಲ್ಲಿ ಎಲ್ಲ ಮನೆಯೂ ಚೆಂದವೇ. ಕಾಫಿ ಹೂ ಬಿಟ್ಟಿರುತ್ತದೆ, ಗೋಡೆಗೆ ಹೊಸ ಬಣ್ಣ ಬಳಿದಿರುತ್ತಾರೆ, ಮುಂದೆ ಹಸಿರು ಲಾನ್ ಇರುತ್ತದೆ. ನಮಗೆ ತೋರಿಸಿದ ಮನೆಯೂ ಹೀಗೇ ಇತ್ತು. ಲಾನ್ ಅಡಿಯಲ್ಲಿ ಏನಿದೆ ಅಂತ ಮಾರಿದವರು ಬಾಯಿ ಬಿಡಲಿಲ್ಲ. ಅದು ಗೊತ್ತಾಗಿದ್ದು ಮಳೆ ಹಿಡಿದ ಮೇಲೆ.

ಮೊದಲು ಲಾನ್ ಮಧ್ಯದಲ್ಲಿ ನೀರು ನಿಂತಿತು. ಕಾಲಿಟ್ಟರೆ ಚಪ್ಪಲಿ ಹೂತುಹೋಗುತ್ತಿತ್ತು. ಆಮೇಲೆ ಹುಲ್ಲು ಹಳದಿಯಾಗಿ ಬುಡ ಕೊಳೆಯಿತು, ಎಳೆದರೆ ಚಾಪೆ ಎತ್ತಿದ ಹಾಗೆ ಎದ್ದು ಬಂತು. ಅಡಿಯಲ್ಲಿ ನಾಲ್ಕು ಬೆರಳು ಕೆಂಪು ಮಣ್ಣು, ಅದರ ಕೆಳಗೆ ಒಡೆದ ಹೆಂಚು, ಖಾಲಿ ಸಿಮೆಂಟ್ ಚೀಲ, ಹಳೆ ಗಾರೆಯ ಚೂರು. ರಿಪೇರಿ ಕಸವನ್ನೆಲ್ಲ ಅಲ್ಲೇ ಸುರಿದು ಮೇಲೆ ಹುಲ್ಲು ಹಾಸಿಬಿಟ್ಟಿದ್ದರು. ಪಕ್ಕದ ಮನೆಯ ಅಕ್ಕ ಕೊಡೆ ಹಿಡಿದುಕೊಂಡು ಬಂದು ನೋಡಿ, "ಅಯ್ಯೋ, ಇಲ್ಲಿ ತೋಡಿತ್ತಲ್ಲಾ, ಮುಚ್ಚಿಬಿಟ್ರಾ?" ಅಂದರು. ತೋಡು ಅಂದರೆ ಮಳೆನೀರು ಹರಿಯುವ ಕಾಲುವೆ, ಮೇಲಿನ ತೋಟದ ನೀರೆಲ್ಲ ಅಲ್ಲೇ ಇಳಿದು ರಸ್ತೆ ಮೋರಿ ಸೇರುತ್ತಿತ್ತಂತೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅಷ್ಟು ನೀರಿನ ದಾರಿ ಮುಚ್ಚಿದರೆ ಅದು ಎಲ್ಲಿಗೆ ಹೋಗಬೇಕು? ನಮ್ಮ ಅಡಿಪಾಯಕ್ಕೇ ಬಂತು.

ಒಳಗಿನ ಕಥೆ ಇನ್ನೂ ಕೆಟ್ಟದು. ಹಳೆ ಗೋಡೆ ಮಣ್ಣಿನ ಇಟ್ಟಿಗೆಯದು. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್, ಪುಟ್ಟಿ, ವಾಟರ್‌ಪ್ರೂಫ್ ಬಣ್ಣ ಎಲ್ಲ ಹಚ್ಚಿದ್ದರು. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸುಣ್ಣದ ಗಾರೆ ಇದ್ದರೆ ಅದಕ್ಕೆ ಅಡ್ಡಿಯಿಲ್ಲ. ಸಿಮೆಂಟ್, ಬಣ್ಣ ಹಚ್ಚಿದರೆ ತೇವ ಹೊರಗೆ ಹೋಗಲು ಜಾಗವೇ ಇಲ್ಲ. ಹಾಲ್ ಗೋಡೆಯಲ್ಲಿ ಅಂಗೈಯಗಲದ ಗುಳ್ಳೆಗಳು ಎದ್ದವು. ಒಂದಕ್ಕೆ ಮೊಳೆ ಚುಚ್ಚಿದೆ, ಟೀ ಬಣ್ಣದ ನೀರು ಸ್ಕರ್ಟಿಂಗ್‌ವರೆಗೆ ಇಳಿಯಿತು. ಬೆಡ್‌ರೂಮಿನ ಫಾಲ್ಸ್ ಸೀಲಿಂಗ್ ನೆನೆದು ಒಂದು ರಾತ್ರಿ ಮಂಚದ ಮೇಲೇ ಕುಸಿಯಿತು. ಪುಣ್ಯಕ್ಕೆ ಮಕ್ಕಳು ಆಚೆ ರೂಮಿನಲ್ಲಿದ್ದರು. ಮೇಲೆ ನೋಡಿದರೆ ಹೆಂಚು ಒಡೆದಿದೆ, ಹೆಂಚು ಕೂರಿಸುವ ಮರದ ಪಟ್ಟಿಗಳನ್ನು, ಅಂದರೆ ರೀಪರ್‌ಗಳನ್ನು, ಗೆದ್ದಲು ತಿಂದಿದೆ. ಸೀಲಿಂಗ್ ಹಾಕಿದ್ದೇ ಅದನ್ನು ಮುಚ್ಚಲು.

ರಿಪೇರಿಗೆ ಅಂತ ಬಂದ ಕಂಟ್ರಾಕ್ಟರ್ ಅಡ್ವಾನ್ಸ್ ತೆಗೆದುಕೊಂಡರು, ಅರ್ಧ ಮಾಡು (ಚಾವಣಿ) ಬಿಚ್ಚಿದರು, ಟಾರ್ಪಲ್ ಕಟ್ಟಿದರು, ಆಮೇಲೆ ಫೋನ್ ಎತ್ತಲಿಲ್ಲ. ಈ ಕಥೆ ಎಷ್ಟೋ ಜನರದ್ದು, ಅದಕ್ಕೇ ಜಾಸ್ತಿ ಹೇಳಲ್ಲ. ಕೆಲಸ ಎಷ್ಟಾಯಿತೋ ಅಷ್ಟಕ್ಕೇ ದುಡ್ಡು ಕೊಡಿ, ಹೆಂಚು ಇಳಿಸುವ ಮೊದಲು ಹೊಸ ರೀಪರ್ ಅಂಗಳಕ್ಕೆ ಬಂದು ಬಿದ್ದಿರಬೇಕು, ಇಷ್ಟು ಸಾಕು.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅವರು ಹೋಗುವ ಮೊದಲು ಕೊಟ್ಟ ಸಲಹೆ. ಮನೆ ಹಿಂದಿನ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ಜೆಸಿಬಿಯಲ್ಲಿ ನೇರಕ್ಕೆ ಕೊಯ್ದು ಆ ಮಣ್ಣಿನಿಂದಲೇ ಲಾನ್ ಎತ್ತರಿಸೋಣ, ಜಾಗವೂ ಸಿಗುತ್ತೆ ಅಂದರು. ಬೇಡ ಅಂದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದು ಏನಾಯಿತು ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅತಿಯಾದ ಮಳೆಯ ಜೊತೆಗೆ ಮನೆಗೆ, ರಸ್ತೆಗೆ ಅಂತ ಇಳಿಜಾರು ಕೊಯ್ದಿದ್ದೂ ಕಾರಣ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೂ ಹೇಳಿದ್ದರು. ಬುಡ ಕೊಯ್ದ ಬರೆ ಬೇಸಿಗೆಯಲ್ಲಿ ಗಟ್ಟಿಯಾಗೇ ನಿಂತಿರುತ್ತದೆ. ನೀರು ಕುಡಿದು ಭಾರವಾದ ಮೇಲೆ ಹಿಡಿಯುವವರು ಯಾರು? ತಡೆಗೋಡೆ ಕಟ್ಟಿಸಿದರೂ ನೀರು ಹೊರಬರಲು ತೂತು ಬಿಡಿಸಲೇಬೇಕು, ಇಲ್ಲದಿದ್ದರೆ ಗೋಡೆಯನ್ನೂ ಸೇರಿಸಿ ತಳ್ಳುತ್ತದೆ.

ಅದಕ್ಕೇ ಹೇಳುವುದು, ಮನೆಯನ್ನು ಜುಲೈನಲ್ಲಿ, ಮಳೆ ಸುರಿಯುವಾಗ ನೋಡಿ. ಹಿಂದಿನ ಬರೆಯಿಂದ ರಸ್ತೆ ಮೋರಿವರೆಗೆ ನೀರು ಹೋಗುವ ದಾರಿಯಲ್ಲಿ ನೀವೇ ನಡೆಯಿರಿ. ತೋಡು ಎಲ್ಲಿತ್ತು ಅಂತ ಅಕ್ಕಪಕ್ಕದವರನ್ನು ಕೇಳಿ. ಫಾಲ್ಸ್ ಸೀಲಿಂಗ್ ಇದ್ದರೆ ಒಂದು ಹಲಗೆ ಬಿಚ್ಚಿ ತೋರಿಸಿ ಅನ್ನಿ, ಒಪ್ಪದಿದ್ದರೆ ಎದ್ದು ಬನ್ನಿ. ಆಗಲೇ ಕೊಂಡಿದ್ದರೆ ಮೊದಲು ಚರಂಡಿ, ಆಮೇಲೆ ಮಾಡು, ಗೋಡೆ. ಲಾನ್ ಕಟ್ಟಕಡೆಗೆ. ಮತ್ತೆ, ಬರೆಯ ಮೇಲೆ ಹೊಸ ಬಿರುಕು ಕಂಡರೆ, ಮರ ವಾಲಿದರೆ, ಮೊದಲು ನೀರಿಲ್ಲದ ಜಾಗದಲ್ಲಿ ಕೆಸರು ನೀರು ಉಕ್ಕಿದರೆ ಸಾಮಾನು ಅಂತ ನೋಡಬೇಡಿ. ಮನೆ ಬಿಟ್ಟು ಹೊರಡಿ, ಪಂಚಾಯಿತಿಗೆ ತಿಳಿಸಿ.

ನಾವು ಕಸ ತೆಗೆಸಿ ತೋಡು ಬಿಡಿಸಿದ್ದೇವೆ, ಎರಡೂ ಬದಿಗೆ ಕಾಡುಕಲ್ಲು ಕಟ್ಟಿಸಿದ್ದೇವೆ. ಲಾನ್ ಅರ್ಧ ಹೋಯಿತು, ಹೋಗಲಿ. ಗೋಡೆ ಕೆಲಸ ಮಳೆ ಬಿಟ್ಟ ಮೇಲೆ. ಸುಣ್ಣದ ಗಾರೆ ಚೆನ್ನಾಗಿ ಗೊತ್ತಿರುವ ಮೇಸ್ತ್ರಿ ಮಡಿಕೇರಿ ಅಥವಾ ಸೋಮವಾರಪೇಟೆ ಕಡೆ ಇದ್ದರೆ ಹೇಳಿ, ಅವರು ಮಾಡಿದ ಮನೆಯನ್ನು ಮೊದಲು ಹೋಗಿ ನೋಡುತ್ತೇನೆ.