ಫ್ರಾಂಚೈಸಿ ಹೋಟೆಲ್‌ಗೆ ಸಹಿ ಹಾಕೋ ಮುಂಚೆ ಪುಟ 31 ಓದಿ, ನಾನು ಓದಲಿಲ್ಲ

ಫ್ರಾಂಚೈಸಿ ಬಿಟ್ಟು ಎಂಟು ತಿಂಗಳಾಯಿತು. ನೋಟಿಸ್ ಬರುವುದು ಇನ್ನೂ ನಿಂತಿಲ್ಲ. ನಷ್ಟ ಆಯಿತು ಅಂತ ಅಳುವುದಕ್ಕೆ ಇದನ್ನು ಬರೆಯುತ್ತಿಲ್ಲ, ವ್ಯಾಪಾರ ಅಂದ ಮೇಲೆ ನಷ್ಟ ಯಾರಿಗಾಗಲ್ಲ? ನಾನು ಬಿಟ್ಟರೂ ಅವರು ನನ್ನನ್ನು ಬಿಡುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕಂಪನಿ ಹೆಸರು ಹಾಕಲ್ಲ, ಕೇಸ್ ನಡೆಯುತ್ತಿದೆ, ಲಾಯರ್ ಬೇಡ ಅಂದಿದ್ದಾರೆ. ಬೆಂಗಳೂರಿನ ಒಂದು ಟಿಫನ್ ಬ್ರ್ಯಾಂಡ್, ಅಷ್ಟು ಸಾಕು.

ನಮ್ಮದು ದಾವಣಗೆರೆ. ಹೌದು, ನಗಿ. ಬೆಣ್ಣೆ ದೋಸೆ ಊರಲ್ಲಿ ಬೆಂಗಳೂರಿನವರಿಗೆ ದುಡ್ಡು ಕೊಟ್ಟು ದೋಸೆ ಅಂಗಡಿ ಹಾಕಿದವನು ನಾನೇ. ನಮ್ಮ ಭಟ್ಟರು ಹದಿನೈದು ವರ್ಷದಿಂದ ಕಾವಲಿ ಮುಂದೆ ನಿಂತವರು, ಅವರಿಗೆ ಇಪ್ಪತ್ತೆರಡು ವರ್ಷದ ಟ್ರೈನರ್ ಹುಡುಗ ಬಂದು ದೋಸೆ ಹುಯ್ಯುವುದು ಹೇಳಿಕೊಟ್ಟ. ಹಿಟ್ಟಿಗೆ ಮಂಡಕ್ಕಿ ಹಾಕಬಾರದಂತೆ, ರೆಸಿಪಿಯಲ್ಲಿ ಇಲ್ಲವಂತೆ. ಭಟ್ಟರು ಏನೂ ಅನ್ನಲಿಲ್ಲ, ನನ್ನ ಮುಖ ನೋಡಿ ಸುಮ್ಮನಾದರು. ಆ ನೋಟ ಈಗಲೂ ಚುಚ್ಚುತ್ತದೆ.

ಲೆಕ್ಕ ಹೇಳಿಬಿಡುತ್ತೇನೆ. ಫ್ರಾಂಚೈಸಿ ಫೀ 6 ಲಕ್ಷ, ಅದರ ಮೇಲೆ 18% ಜಿಎಸ್‌ಟಿ. ಡೆಪಾಸಿಟ್ 2 ಲಕ್ಷ. ಇಂಟೀರಿಯರ್ ಅವರು ಹೇಳಿದವರಿಂದಲೇ, 14 ಲಕ್ಷ. ರಾಯಲ್ಟಿ 6%, ಲಾಭದ ಮೇಲಲ್ಲ, ಗಲ್ಲಾಕ್ಕೆ ಬಿದ್ದ ದುಡ್ಡಿನ ಮೇಲೆ. ತಿಂಗಳಿಗೆ 3.2 ಲಕ್ಷ ವ್ಯಾಪಾರ ಆದರೆ ರಾಯಲ್ಟಿ 19,200, ಜಿಎಸ್‌ಟಿ ಸೇರಿ 22,656. ನಮ್ಮಂಥ ಹೋಟೆಲ್‌ಗೆ ಬಿಲ್ ಮೇಲೆ 5% ಜಿಎಸ್‌ಟಿ, ಇನ್‌ಪುಟ್ ಕ್ರೆಡಿಟ್ (ನಾವು ಖರೀದಿಯಲ್ಲಿ ಕಟ್ಟಿದ ಜಿಎಸ್‌ಟಿ ಕಳೆದುಕೊಳ್ಳುವ ಅವಕಾಶ) ಇಲ್ಲ, ಅಂದರೆ ರಾಯಲ್ಟಿ ಮೇಲೆ ಕಟ್ಟಿದ ಆ 18% ಹೋದದ್ದು ಹೋಯಿತು. ಇದನ್ನು ಮಾರಾಟದವನು ಹೇಳುತ್ತಾನಾ? ನಮ್ಮ ಆಡಿಟರ್ ಹೇಳಿದ್ದು, ಅದೂ ದುಡ್ಡು ಕೊಟ್ಟ ಮೇಲೆ. ಸಾಲದ್ದಕ್ಕೆ ಬೆಣ್ಣೆ, ಚಟ್ನಿಪುಡಿ ಎಲ್ಲಾ ಅವರಿಂದಲೇ ತರಿಸಬೇಕು. ನಮ್ಮೂರಲ್ಲಿ ಸಿಗುವ ಬೆಣ್ಣೆಗಿಂತ ಕಿಲೋಗೆ 90 ರೂಪಾಯಿ ಜಾಸ್ತಿ, ಅದೂ ಫ್ರೀಜರ್‌ನಿಂದ ಕಲ್ಲಿನ ಹಾಗೆ ಬರುತ್ತಿತ್ತು.

ಹದಿನಾಲ್ಕು ತಿಂಗಳು ಎಳೆದೆ. ಆಮೇಲೆ ಅಗ್ರಿಮೆಂಟ್ ಪ್ರಕಾರವೇ 90 ದಿನದ ನೋಟಿಸ್ ಕೊಟ್ಟು ಬಿಟ್ಟೆ. "ನೋಟೆಡ್ ಸರ್, ಡೆಪಾಸಿಟ್ ಬಗ್ಗೆ ಅಕೌಂಟ್ಸ್‌ನವರು ಮಾತಾಡ್ತಾರೆ" ಅಂತ ವಾಟ್ಸಾಪ್ ಬಂತು. ಎಷ್ಟು ಒಳ್ಳೆಯವರು ಅನ್ನಿಸಿತು, ನಿಜವಾಗಲೂ.

ಕಟ್ಟಡದ ಅಡ್ವಾನ್ಸ್ ನನ್ನದು, ಕಾವಲಿ ನನ್ನದು, ಭಟ್ಟರು ನಮ್ಮವರು. ಅದೇ ಜಾಗದಲ್ಲಿ ನಮ್ಮ ಮನೆ ಹೆಸರಿಟ್ಟು ಬೆಣ್ಣೆ ದೋಸೆ ಶುರು ಮಾಡಿದೆ, ಮಂಡಕ್ಕಿ ಹಾಕಿಯೇ. ಒಂದು ತಪ್ಪು ನನ್ನದೂ ಇದೆ, ಮುಚ್ಚಿಡಲ್ಲ. ಹಳೆ ಬೋರ್ಡ್ ಇಳಿಸುವವನು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತ ಹನ್ನೆರಡು ದಿನ ಮಾಡಿದ, ಅಷ್ಟರಲ್ಲಿ ಯಾರೋ ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು.

ಮೂರನೇ ವಾರ ರಿಜಿಸ್ಟರ್ಡ್ ಪೋಸ್ಟ್. ಟ್ರೇಡ್‌ಮಾರ್ಕ್ ದುರುಪಯೋಗ, ಅಗ್ರಿಮೆಂಟ್ ಉಲ್ಲಂಘನೆ, 15 ಲಕ್ಷ ಪರಿಹಾರ. ಮೂರು ವರ್ಷ, 10 ಕಿಲೋಮೀಟರ್ ಒಳಗೆ ಯಾವ ತಿಂಡಿ ವ್ಯಾಪಾರವನ್ನೂ ಮಾಡಬಾರದು. ಗಾಬರಿಯಾಗಿ ಕಂಪನಿ ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಸರ್, ಪುಟ 31 ನೋಡಿ. ನಿಮ್ಮದೇ ಸಹಿ ಅಲ್ವಾ?"

ಅಷ್ಟೇ. ಧ್ವನಿ ಕೂಡ ಏರಿಸಲಿಲ್ಲ ಆತ. ಗಲ್ಲಾದಲ್ಲಿ ಕೂತು ಪುಟ 31 ತೆಗೆದೆ. ಆ ಷರತ್ತು ಇತ್ತು. ನನ್ನದೇ ಸಹಿ, ಪಕ್ಕದಲ್ಲಿ ಕಾಫಿ ಕಲೆ. ಅವರ ಆಫೀಸಲ್ಲೇ ಕೊಟ್ಟ ಕಾಫಿ. "ಇವತ್ತೇ ಸೈನ್ ಮಾಡಿದರೆ 50 ಸಾವಿರ ಡಿಸ್ಕೌಂಟ್ ಸರ್" ಅಂದಿದ್ದರು, ನಾನು ಇಪ್ಪತ್ತು ನಿಮಿಷದಲ್ಲಿ 44 ಪುಟಕ್ಕೆ ಸಹಿ ಹಾಕಿ, ಕೈ ನೋಯ್ತು ಅಂತ ತಮಾಷೆ ಬೇರೆ ಮಾಡಿದ್ದೆ.

ಮಾರನೇ ವಾರ ಬ್ಯಾಂಕಿಂದ ಮೆಸೇಜ್. ಸೆಕ್ಯುರಿಟಿಗೆ ಅಂತ ಕೊಟ್ಟಿದ್ದ ಖಾಲಿ ಚೆಕ್‌ನಲ್ಲಿ 5 ಲಕ್ಷ ಬರೆದು ಹಾಕಿದ್ದಾರೆ, ಬೌನ್ಸ್ ಆಗಿದೆ. "ಸೆಕ್ಯುರಿಟಿ ಚೆಕ್ ಅಂದಿದ್ರಲ್ಲ?" ಅಂದರೆ "ಬಾಕಿ ಇತ್ತಲ್ಲ ಸರ್, ಲೀಗಲ್ ಟೀಮ್ ಜೊತೆ ಮಾತಾಡಿ". ಯಾವ ಬಾಕಿ? ಇವತ್ತಿನವರೆಗೆ ಲೆಕ್ಕ ಕೊಟ್ಟಿಲ್ಲ. ನನ್ನ 2 ಲಕ್ಷ ಡೆಪಾಸಿಟ್ ಅವರ ಹತ್ತಿರವೇ ಇದೆ!

ಖಾಲಿ ಚೆಕ್ ಆದರೂ ಸಹಿ ಮಾಡಿ ನೀವೇ ಕೊಟ್ಟಿದ್ದರೆ, ಅದು ಸಾಲ ತೀರಿಸೋಕೆ ಕೊಟ್ಟದ್ದೇ ಅಂತ ಕೋರ್ಟ್ ಮೊದಲು ಹಿಡಿಯುತ್ತದೆ, ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಲ್ಲ ಅಂತ ತೋರಿಸುವುದು ನಮ್ಮ ಕೆಲಸ. ಚೆಕ್ ಬೌನ್ಸ್ ಕೇಸೂ ಅವರ ಬ್ಯಾಂಕ್ ಖಾತೆ ಇರುವ ಊರಲ್ಲೇ. ಅದಕ್ಕೆ ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಹೋಗಿ ಡೇಟ್ ತಗೊಂಡು ವಾಪಸ್ ಬರುತ್ತಿದ್ದೇನೆ.

ಒಂದೇ ಸಮಾಧಾನ. ಕಾಂಟ್ರಾಕ್ಟ್ ಕಾಯ್ದೆಯ 27ನೇ ಕಲಂ ಪ್ರಕಾರ ಅಗ್ರಿಮೆಂಟ್ ಮುಗಿದ ಮೇಲೆ ಹೊಟ್ಟೆಪಾಡಿನ ವ್ಯಾಪಾರ ಮಾಡಬೇಡ ಅನ್ನೋ ಷರತ್ತು ಸಾಮಾನ್ಯವಾಗಿ ನಿಲ್ಲಲ್ಲವಂತೆ, ಅಗ್ರಿಮೆಂಟ್ ನಡೆಯುತ್ತಿರುವಾಗ ಮಾತ್ರ ನಿಲ್ಲುತ್ತದಂತೆ. ಜಗಳ ಬಂದರೆ ಕೋರ್ಟ್ ಹೊರಗೆ ತೀರ್ಪು ಹೇಳುವ ಪಂಚಾಯ್ತಿದಾರನನ್ನು (ಆರ್ಬಿಟ್ರೇಟರ್) ಕಂಪನಿ ಒಂದೇ ನೇಮಿಸುತ್ತದೆ ಅನ್ನುವುದಕ್ಕೂ 2019ರಲ್ಲೇ ಸುಪ್ರೀಂ ಕೋರ್ಟ್ ತಡೆ ಹಾಕಿದೆ. ಸರಿ, ಆದರೆ ನಿಲ್ಲಲ್ಲ ಅಂತ ಹೇಳಿಸುವುದಕ್ಕೇ ಲಾಯರ್ ಫೀ ಕಟ್ಟಬೇಕಲ್ಲ. ಮೆಕ್‌ಡೊನಾಲ್ಡ್ಸ್ ಮತ್ತು ಅವರ ದೆಹಲಿ ಪಾರ್ಟ್‌ನರ್ ವಿಕ್ರಮ್ ಬಕ್ಷಿ ಜಗಳ 2013ರಲ್ಲಿ ಶುರುವಾಗಿ 2019ರಲ್ಲಿ ರಾಜಿಯಾಯಿತು, ಮಧ್ಯೆ 169 ಅಂಗಡಿಗಳ ಲೈಸೆನ್ಸ್ ರದ್ದು. ಆರು ವರ್ಷ ಜಗಳ ಆಡೋ ದುಡ್ಡು ಅವರಿಗಿತ್ತು. ನನಗೆ ಆರು ತಿಂಗಳಿಗೇ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗಿದೆ.

ಅಮೆರಿಕದಲ್ಲಿ ಸಹಿಗೆ 14 ದಿನ ಮುಂಚೆ ಕಂಪನಿ ಎಲ್ಲಾ ಬರೆದುಕೊಡಬೇಕು, ಕೋರ್ಟ್ ಕೇಸು, ಬಿಟ್ಟು ಹೋದವರ ವಿವರ ಸಮೇತ. ನಮ್ಮಲ್ಲಿ ಫ್ರಾಂಚೈಸಿಗೆ ಅಂತ ಬೇರೆ ಕಾಯ್ದೆಯೇ ಇಲ್ಲ. ಕಂಪನಿಯವರು ಕೊಡುವ "ಹ್ಯಾಪಿ ಪಾರ್ಟ್‌ನರ್" ನಂಬರ್‌ಗೆ ಫೋನ್ ಮಾಡಬೇಡಿ, ನಾನು ಮಾಡಿದ್ದೆ, ಆ ಮನುಷ್ಯನೂ ಈಗ ಬಿಟ್ಟಿದ್ದಾನೆ. ಬಿಟ್ಟವರನ್ನೇ ಹುಡುಕಿ. ಖಾಲಿ ಚೆಕ್ ಯಾವ ಕಾರಣಕ್ಕೂ ಕೊಡಬೇಡಿ. ಡಿಸ್ಕೌಂಟ್ ಅಂದರೆ ಎದ್ದು ಬನ್ನಿ.

ಮುಂದಿನ ಡೇಟ್ 18ಕ್ಕೆ ಇದೆ. ಬೆಂಗಳೂರಿನ ಟಿಫನ್ ಬ್ರ್ಯಾಂಡ್ ಬಿಟ್ಟವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ನಿಮ್ಮ ಚೆಕ್ಕೂ ಹೀಗೇ ಹಾಕಿದ್ದಾರಾ ಅಂತ ನಮ್ಮ ಲಾಯರ್ ಕೇಳುತ್ತಿದ್ದಾರೆ.