ಪೊಲೀಸ್ ಪೋರ್ಟಲ್ 8 ವರ್ಷ ಬಳಸಿದ ಮೇಲೆ: ಏರಿಸೋದು ಗೊತ್ತು, ಇಳಿಸೋದು ಗೊತ್ತಿಲ್ಲ

ನಾನು ವಕೀಲರ ಆಫೀಸಿನಲ್ಲಿ ಗುಮಾಸ್ತ. ನಮ್ಮಲ್ಲಿ ಕ್ರಿಮಿನಲ್ ಕೇಸುಗಳೇ ಜಾಸ್ತಿ. ಪೊಲೀಸ್ ಪೋರ್ಟಲ್‌ನಲ್ಲಿ ಎಫ್‌ಐಆರ್ ನೋಡುವ ಪುಟ, ಅದರ ಪಕ್ಕದ ದಸ್ತಗಿರಿ ಪಟ್ಟಿ, ಇವೆರಡನ್ನೂ 2017ರಿಂದ ಹೆಚ್ಚುಕಡಿಮೆ ದಿನಾ ಬಳಸುತ್ತಿದ್ದೇನೆ. ನಮ್ಮ ಕಕ್ಷಿದಾರರು ಎರಡು ಮೂರು ರಾಜ್ಯಗಳಲ್ಲಿ ಇದ್ದಾರೆ, ಹಾಗಾಗಿ ಒಂದಕ್ಕಿಂತ ಹೆಚ್ಚು ಪೋರ್ಟಲ್ ಪರಿಚಯ ಇದೆ. ಯಾವ ಊರು, ಯಾವ ಠಾಣೆ ಅಂತ ಹೆಸರು ಹೇಳುವುದಿಲ್ಲ. ನಾಳೆ ಅದೇ ಠಾಣೆಯ ರೈಟರ್, ಅಂದರೆ ಠಾಣೆಯ ಬರವಣಿಗೆ ನೋಡಿಕೊಳ್ಳುವ ಪೊಲೀಸರ ಮುಂದೆ ಹೋಗಿ ನಿಲ್ಲಬೇಕಾದವನು ನಾನು.

ಮೊದಲು ಹೇಗಿತ್ತು ಅಂದರೆ, ಯಾರನ್ನೋ ಹಿಡಿದುಕೊಂಡು ಹೋಗಿದ್ದಾರೆ ಅಂತ ಮನೆಯವರು ಓಡಿ ಬರುತ್ತಿದ್ದರು. ಯಾವ ಕೇಸು, ಯಾವ ಸೆಕ್ಷನ್, ಏನೂ ಗೊತ್ತಿರುತ್ತಿರಲಿಲ್ಲ. ನಾನು ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ರೈಟರ್ ಊಟಕ್ಕೆ ಹೋಗಿರುತ್ತಿದ್ದರು, ಬಂದ ಮೇಲೆ ಸಾಹೇಬರು ಬರಲಿ ಅನ್ನುತ್ತಿದ್ದರು, ಸಾಹೇಬರು ಬಂದ ಮೇಲೆ ಕರೆಂಟು ಹೋಗಿರುತ್ತಿತ್ತು. ಒಂದು ಕ್ರೈಂ ನಂಬರ್, ಅಂದರೆ ಠಾಣೆಯಲ್ಲಿ ಎಫ್‌ಐಆರ್‌ಗೆ ಕೊಟ್ಟ ನಂಬರ್ ತಿಳಿಯೋಕೆ ಅರ್ಧ ದಿನ. ಹಿಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು ಅಂತ ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಆ ಹೊತ್ತಿಗೆ ನಮ್ಮ ಜಾಮೀನು ಅರ್ಜಿ ರೆಡಿ ಇರಬೇಕು. ಅರ್ಜಿಗೆ ಕ್ರೈಂ ನಂಬರ್ ಬೇಕು. ಅದು ಸಿಗದೆ ಹುಡುಗರು ಸುಮ್ನೆ ಎರಡು ದಿನ ಜಾಸ್ತಿ ಒಳಗಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ.

ಇದು ಬದಲಾದದ್ದು ಒಂದು ತೀರ್ಪಿನಿಂದ. 2016ರ ಸೆಪ್ಟೆಂಬರ್ 7ರಂದು ಯೂತ್ ಬಾರ್ ಅಸೋಸಿಯೇಷನ್ ಕೇಸಿನಲ್ಲಿ ಸುಪ್ರೀಂ ಕೋರ್ಟ್, ದಾಖಲಾದ 24 ಗಂಟೆಯೊಳಗೆ ಎಫ್‌ಐಆರ್ ಅನ್ನು ವೆಬ್‌ಸೈಟಿಗೆ ಹಾಕಬೇಕು ಅಂತ ಹೇಳಿತು. ನೆಟ್ ಸಿಗದ ದೂರದ ಜಾಗಗಳಿಗೆ 48 ಗಂಟೆ, ತೀರಾ ಅಂದರೆ 72. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳನ್ನು ಹಾಕುವಂತಿಲ್ಲ. ಹಾಕದೆ ಇರುವ ತೀರ್ಮಾನವನ್ನು ಡಿವೈಎಸ್ಪಿಗಿಂತ ಕೆಳಗಿನವರು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಹುಡುಕಿದಾಗ ಏನೂ ಬರದಿದ್ದರೆ ಸೈಟ್ ಕೆಟ್ಟಿದೆ ಅಂತ ಬೈಯುವ ಮೊದಲು ಕೇಸು ಯಾವುದು ಅಂತ ಒಮ್ಮೆ ಯೋಚಿಸಿ.

ಈಗ ನನ್ನ ಬೆಳಗ್ಗೆ ಹೀಗೆ. 6:30ಕ್ಕೆ ಕಾಫಿ, ಓದುವ ಕನ್ನಡಕ, ಫೋನು. ಜಿಲ್ಲೆ ಆರಿಸು, ಠಾಣೆ ಆರಿಸು, ತಾರೀಕು ಹಾಕು. ಆಮೇಲೆ ಕ್ಯಾಪ್ಚಾ. ಅದರಲ್ಲಿ ಸೊನ್ನೆ ಯಾವುದು, ಓ ಯಾವುದು ಅಂತ ಅದನ್ನು ಮಾಡಿದವನಿಗೂ ಗೊತ್ತಿರಲಿಕ್ಕಿಲ್ಲ. ಮೂರನೇ ಸಲಕ್ಕೆ ಒಪ್ಪಿಕೊಳ್ಳುತ್ತದೆ. ಪಿಡಿಎಫ್ ತೆರೆದಾಗ ಎಲ್ಲರೂ ದೂರಿನ ಕಥೆ ಓದೋಕೆ ಕೆಳಗೆ ಹೋಗುತ್ತಾರೆ. ನಾನು ಮೊದಲು ನೋಡುವುದು 'ದೂರು ತಡವಾಗಲು ಕಾರಣ' ಅನ್ನುವ ಕಾಲಂ. ಗಲಾಟೆ ಆದದ್ದು ಸೋಮವಾರ, ದೂರು ಕೊಟ್ಟದ್ದು ಗುರುವಾರ, ಆ ಕಾಲಂ ಖಾಲಿ ಇದ್ದರೆ ನಮ್ಮ ವಕೀಲರ ಮುಖ ಅರಳುತ್ತದೆ, ದೂರಿನ ಮೇಲೆ ಅನುಮಾನ ಎತ್ತೋಕೆ ಅದೇ ದಾರಿ. ಆಮೇಲೆ ಕೊನೆಯಲ್ಲಿ ಎಫ್‌ಐಆರ್ ಕೋರ್ಟಿಗೆ ಹೋದ ದಿನ ಮತ್ತು ಹೊತ್ತು. ಇವೆರಡನ್ನು ಡೈರಿಯಲ್ಲಿ ಗುರುತು ಹಾಕಿಕೊಂಡು, ಕೋರ್ಟ್ ಎದುರಿನ ಜೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡಿಬಿಟ್ಟರೆ, ನಾನು ಸ್ನಾನ ಮಾಡಿ ಬರುವಷ್ಟರಲ್ಲಿ 2 ಪ್ರತಿ ಪ್ರಿಂಟ್ ಆಗಿರುತ್ತದೆ. ಈ ಸುಖಕ್ಕೆ ನಾನು ಕಣ್ಣುಮುಚ್ಚಿ 5 ಸ್ಟಾರ್ ಕೊಡುತ್ತಿದ್ದೆ. ಎರಡು ವರ್ಷದ ಹಿಂದೆ ಈ ವಿಮರ್ಶೆ ಬರೆದಿದ್ದರೆ ಇಲ್ಲಿಗೆ ಮುಗಿಸುತ್ತಿದ್ದೆ.

ದಸ್ತಗಿರಿ ಪಟ್ಟಿ ಇಷ್ಟು ಚೆನ್ನಾಗಿಲ್ಲ. ಹೆಸರು ಇಂಗ್ಲಿಷಿನಲ್ಲಿ ಹಾಕಬೇಕು, ಸ್ಪೆಲಿಂಗ್ ಪೊಲೀಸರ ಇಷ್ಟ. ಮಂಜುನಾಥ ಅನ್ನುವ ಹೆಸರನ್ನು ನಾನು ಆರು ತರಹ ಟೈಪ್ ಮಾಡಿ ನೋಡಿದ್ದೇನೆ. ಆಮೇಲೆ ಆ 'ಅಟ್' (@) ಗುರುತು, ಅದನ್ನು ಠಾಣೆಗಳಲ್ಲಿ 'ಅಲಿಯಾಸ್' ಅಂತ ಬಳಸುತ್ತಾರೆ. ಮಂಜ ಅಟ್ ಕರಿಯ. ಹೆತ್ತ ತಾಯಿಗೇ ಗೊತ್ತಿಲ್ಲದ ಅಡ್ಡಹೆಸರು ಅಲ್ಲಿ ಸಿಗುತ್ತದೆ! ಹೆಸರು ಬಿಟ್ಟು ಠಾಣೆ ಮತ್ತು ತಾರೀಕಿನಿಂದ ಹುಡುಕಿ, ಅದೇ ಸುಲಭ.

ಈಗ ವಿಷಯಕ್ಕೆ ಬರುತ್ತೇನೆ. 2024ರ ಮಳೆಗಾಲ ಮುಗಿಯುವ ಹೊತ್ತು. ಒಂದು ಬೆಳಗ್ಗೆ ಎಂದಿನಂತೆ ಕಾಫಿ, ಕನ್ನಡಕ, ಕ್ಯಾಪ್ಚಾ. ನಮ್ಮ ಬಡಾವಣೆಯ ಠಾಣೆಯಲ್ಲಿ ಹೊಸ ಎಫ್‌ಐಆರ್ ಒಂದು. ತೆರೆದರೆ ಎ4, ಅಂದರೆ ನಾಲ್ಕನೇ ಆರೋಪಿ ಅನ್ನುವ ಜಾಗದಲ್ಲಿ ನನ್ನ ಹೆಸರು, ತಂದೆಯ ಹೆಸರು, ವಯಸ್ಸು, ಮನೆ ನಂಬರ್.

ಹಿಂದಿನ ಭಾನುವಾರ ಪಕ್ಕದ ಮನೆಯವರಿಗೂ ನನ್ನ ತಮ್ಮನಿಗೂ ಕಾಂಪೌಂಡ್ ಗೋಡೆಯ ವಿಷಯಕ್ಕೆ ಜಗಳ ಆಗಿತ್ತು. ನಾನು ಬಿಡಿಸೋಕೆ ಹೋದವನು. ಇಂಥ ಜಗಳದಲ್ಲಿ ಮನೆಯಲ್ಲಿ ಇದ್ದವರನ್ನೆಲ್ಲ ಸಾಲಾಗಿ ಆರೋಪಿ ಮಾಡುವುದು ಹೊಸದೇನಲ್ಲ, ನಾನೇ ಅಂಥ ನೂರಾರು ಫೈಲಿಗೆ ದಾರ ಕಟ್ಟಿದ್ದೇನೆ. ಹೊಡೆದದ್ದು, ದಾರಿ ಅಡ್ಡಗಟ್ಟಿದ್ದು, ಬೈದದ್ದು, ಬೆದರಿಸಿದ್ದು, ಹಳೇ ಐಪಿಸಿಯಲ್ಲಿ 323, 341, 504, 506 ಅಂತ ಬಾಯಿಪಾಠ ಆಗಿದ್ದದ್ದು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 115(2), 126(2), 352, 351 ಆಗಿದೆ. ಇದರಲ್ಲಿ ಕೀಲಿ ಇರುವುದು 126ರಲ್ಲಿ, ಅಂದರೆ ದಾರಿ ಅಡ್ಡಗಟ್ಟಿದ್ದು. ಉಳಿದವೆಲ್ಲ ಎನ್‌ಸಿ, ಅಂದರೆ ನಾನ್ ಕಾಗ್ನಿಸಬಲ್, ಅವಷ್ಟೇ ಇದ್ದರೆ ಕೋರ್ಟಿನ ಅನುಮತಿ ಇಲ್ಲದೆ ತನಿಖೆಯೇ ಇಲ್ಲ. 'ಗೇಟಿನ ಮುಂದೆ ಅಡ್ಡ ನಿಂತರು' ಅಂತ ಒಂದು ಸಾಲು ಸೇರಿಸಿದರೆ ಸಾಕು, ಎಫ್‌ಐಆರ್ ಆಗುತ್ತದೆ, ಪೋರ್ಟಲ್‌ಗೂ ಏರುತ್ತದೆ. ಆ ಸಾಲು ಅಲ್ಲಿತ್ತು.

ನನ್ನನ್ನು ಯಾರೂ ದಸ್ತಗಿರಿ ಮಾಡಲಿಲ್ಲ. ದಸ್ತಗಿರಿ ಬದಲು ಠಾಣೆಗೆ ಬಂದು ಹಾಜರಾಗಿ ಅನ್ನುವ, ಹೊಸ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸ್ ಬಂತು, ಹೋಗಿ ಹೇಳಿಕೆ ಕೊಟ್ಟು ಬಂದೆ. ಎಂಟು ತಿಂಗಳಾದ ಮೇಲೆ ಪೊಲೀಸರೇ ಬಿ ರಿಪೋರ್ಟ್ ಹಾಕಿದರು, ಅಂದರೆ ಕೇಸಿನಲ್ಲಿ ಹುರುಳಿಲ್ಲ ಅಂತ. ದೂರುದಾರರು ತಕರಾರು ಹಾಕಲಿಲ್ಲ. ಕೋರ್ಟ್ ಒಪ್ಪಿಕೊಂಡಿತು. ಮುಗಿಯಿತು.

ಮುಗಿಯಿತು ಅಂದುಕೊಂಡೆ.

ನಮ್ಮ ಗೃಹ ನಿರ್ಮಾಣ ಸಹಕಾರ ಸಂಘದ ಚುನಾವಣೆಗೆ ನಾನು ನಿಂತಿದ್ದೆ. ನಿರ್ದೇಶಕ ಸ್ಥಾನ, ಸಂಬಳವಿಲ್ಲ, ಇರುವುದೆಲ್ಲ ಬೈಗುಳ. ಮತದಾನಕ್ಕೆ ಎರಡು ದಿನ ಇರುವಾಗ ಎಲ್ಲರ ಬಾಗಿಲ ಕೆಳಗೆ ಒಂದು ಕಾಗದ ತೂರಿ ಬಂತು. ನನ್ನ ಎಫ್‌ಐಆರ್. ಎ4ಕ್ಕೆ ಹಳದಿ ಬಣ್ಣ ಬಳಿದಿದ್ದರು. ಪ್ರಿಂಟ್ ಹೊಡೆದದ್ದು ನಾನು ದಿನಾ ವಾಟ್ಸಾಪ್ ಮಾಡುವ ಅದೇ ಜೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯ ಹುಡುಗ ಆಮೇಲೆ ತಲೆ ತಗ್ಗಿಸಿ ಹೇಳಿದ, "ಅಣ್ಣಾ, ದಿನಾ ನಿಮ್ದು ಬರುತ್ತಲ್ವಾ, ಇದೂ ನೀವೇ ಕಳಿಸಿದ್ದು ಅಂದ್ಕೊಂಡೆ. 200 ಕಾಪಿ." 11 ಮತಗಳಲ್ಲಿ ಸೋತೆ. ಕಾಗದವೇ ಕಾರಣ ಅಂತ ಹೇಳುವುದಿಲ್ಲ, ನನ್ನ ಬಾಯಿಯೂ ಸ್ವಲ್ಪ ಜಾಸ್ತಿ.

ಆ ಕಾಗದದಲ್ಲಿ ಸುಳ್ಳು ಅನ್ನುವಂಥದ್ದು ಒಂದಕ್ಷರ ಇರಲಿಲ್ಲ, ನೋಡಿ. ಎಫ್‌ಐಆರ್ ಆಗಿದ್ದು ನಿಜ, ಹೆಸರು ನಿಜ. ಬಿ ರಿಪೋರ್ಟ್ ಆಗಿದ್ದು ಮಾತ್ರ ಅದರಲ್ಲಿ ಇರಲಿಲ್ಲ, ಯಾಕೆಂದರೆ ಪೋರ್ಟಲ್‌ನಲ್ಲೇ ಇಲ್ಲ. ಎಫ್‌ಐಆರ್ ಹೋದ ವರ್ಷ ಹೇಗಿತ್ತೋ ಇವತ್ತೂ ಹಾಗೇ ಇದೆ. ಠಾಣೆಗೆ ಹೋಗಿ, ಕೋರ್ಟ್ ಆದೇಶದ ನಕಲು ಮುಂದಿಟ್ಟು, ತೆಗೆಯುವುದು ಬೇಡ, ಮುಗಿದಿದೆ ಅಂತ ಒಂದು ಮಾತು ಅದರ ಕೆಳಗೆ ಸೇರಿಸಿ ಅಂದೆ. "ಸಿಸ್ಟಮ್‌ನಲ್ಲಿ ಆ ಆಪ್ಷನ್ ಇಲ್ಲ ಸಾರ್" ಅಂದರು. ಪಾಪ, ಅವರು ಹೇಳಿದ್ದು ನಿಜ. ಸ್ಕ್ರೀನ್ ತಿರುಗಿಸಿ ತೋರಿಸಿದರು. ಮೇಲಧಿಕಾರಿಗೂ ಅರ್ಜಿ ಕೊಟ್ಟೆ, ಸ್ವೀಕೃತಿಯ ಮುದ್ರೆ ಚೆನ್ನಾಗಿ ಬಿದ್ದಿದೆ.

ಕಾನೂನೂ ಹಾಗೇ ಇದೆ. 2016ರ ತೀರ್ಪಿನಲ್ಲಿ, ಎಫ್‌ಐಆರ್ ಹಾಕಿಲ್ಲ ಅಂತ ತಕರಾರು ಇದ್ದರೆ ಎಸ್ಪಿಗೆ ಬರೆಯಬಹುದು, ಮೂವರು ಅಧಿಕಾರಿಗಳ ಸಮಿತಿ ಮೂರು ದಿನದಲ್ಲಿ ನೋಡಬೇಕು ಅಂತಿದೆ. ಏರಿಸದಿದ್ದರೆ ಕೇಳೋಕೆ ದಾರಿ ಇದೆ. ಕೇಸು ಸತ್ತ ಮೇಲೆ ಇಳಿಸೋಕೆ ಅಂಥದ್ದೊಂದು ದಾರಿ ಆ ತೀರ್ಪಿನಲ್ಲಿ ಇಲ್ಲ. 2023ರ ಜನವರಿಯಲ್ಲಿ ಅದೇ ಸುಪ್ರೀಂ ಕೋರ್ಟ್, ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆ ಅಲ್ಲ, ವೆಬ್‌ಸೈಟಿಗೆ ಹಾಕುವಂತಿಲ್ಲ ಅಂತ ಹೇಳಿತು. ಆರೋಪಿಯ ಹಕ್ಕು ಕಾಪಾಡಲು ಹೇಳಿದ್ದು, ಸರಿಯೇ. ಆದರೆ ಒಟ್ಟಿಗೆ ಇಟ್ಟು ನೋಡಿದರೆ ಹೇಗಾಯಿತು? ತನಿಖೆಗೆ ಮೊದಲು ಯಾರೋ ಒಬ್ಬರು ಹೇಳಿದ್ದು ಊರಿಗೆಲ್ಲ ಕಾಣುತ್ತದೆ. ತನಿಖೆ ಮಾಡಿ ಪೊಲೀಸರು ಏನು ಕಂಡುಕೊಂಡರು ಅನ್ನುವುದು ಫೈಲಿನೊಳಗೆ ಉಳಿಯುತ್ತದೆ.

ಇ-ಕೋರ್ಟ್ಸ್ ಆ್ಯಪ್ ಇದೆಯಲ್ಲ ಅನ್ನುತ್ತೀರಿ. ಇದೆ. ಠಾಣೆ, ಎಫ್‌ಐಆರ್ ನಂಬರ್, ವರ್ಷ ಹಾಕಿದರೆ ಕೋರ್ಟಿನಲ್ಲಿ ಕೇಸು ಎಲ್ಲಿದೆ ಅಂತ ಬರುತ್ತದೆ, ಕೋರ್ಟಿನಲ್ಲಿ ಪ್ರತಿ ಕೇಸಿಗೂ ಕೊಡುವ 16 ಅಂಕಿ ಅಕ್ಷರಗಳ ಸಿಎನ್‌ಆರ್ ನಂಬರ್ ಗೊತ್ತಿದ್ದರೆ ಇನ್ನೂ ಬೇಗ. ಒಳ್ಳೇ ಆ್ಯಪ್, ನನ್ನ ಅನ್ನದ ಬಟ್ಟಲು ಅದು. ಆದರೆ ಬಾಗಿಲ ಕೆಳಗೆ ಕಾಗದ ತೂರುವವನು ಅಲ್ಲಿಗೆ ಹೋಗಿ ನೋಡುತ್ತಾನಾ? ಕೆಲಸಕ್ಕೆ ತೆಗೆದುಕೊಳ್ಳುವ ಕಂಪನಿಯವನು, ಮನೆ ಬಾಡಿಗೆ ಕೊಡುವವನು ನೋಡುತ್ತಾನಾ? ಎರಡು ಸೈಟುಗಳ ನಡುವೆ ಒಂದು ಲಿಂಕ್ ಹಾಕಿದ್ದರೆ ನನ್ನ ಗೊಣಗಾಟದಲ್ಲಿ ಮುಕ್ಕಾಲು ಪಾಲು ಇರುತ್ತಿರಲಿಲ್ಲ. ಅಮೆರಿಕದಲ್ಲಿ ಇದಕ್ಕಿಂತ ಕಷ್ಟ. ಅಲ್ಲಿ ಎಷ್ಟೋ ಕೌಂಟಿಗಳು ಹಿಡಿದವರ ಫೋಟೊವನ್ನೇ ನೆಟ್‌ಗೆ ಹಾಕುತ್ತವೆ. ಅದನ್ನು ಎತ್ತಿ ಹಾಕಿಕೊಂಡು, ತೆಗೆಯಬೇಕಾದರೆ ದುಡ್ಡು ಕೊಡಿ ಅನ್ನುವ ಸೈಟುಗಳು ಹುಟ್ಟಿಕೊಂಡು, ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಅದನ್ನು ತಡೆಯೋಕೆ ಬೇರೆ ಕಾನೂನೇ ಮಾಡಬೇಕಾಯಿತು. ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ ಅನ್ನುವುದಷ್ಟೇ ಸಮಾಧಾನ.

ಇಷ್ಟಾದ ಮೇಲೆ 1 ಸ್ಟಾರ್ ಕೊಟ್ಟು ಎದ್ದು ಹೋಗಬೇಕಿತ್ತು. ಹೋದ ತಿಂಗಳು ಒಂದು ರಾತ್ರಿ ಅದಕ್ಕೆ ಅಡ್ಡ ಬಂತು.

11 ಗಂಟೆಗೆ ಸೊಪ್ಪು ಮಾರುವ ಅಜ್ಜಿ ಬಾಗಿಲು ತಟ್ಟಿದರು. ಮೊಮ್ಮಗನನ್ನು ಸಂಜೆ ಜೀಪಿನಲ್ಲಿ ಕರೆದುಕೊಂಡು ಹೋಗಿದ್ದಾರೆ, ಯಾವ ಠಾಣೆ ಅಂತ ಗೊತ್ತಿಲ್ಲ. "ಮಗಾ, ಎಲ್ಲಿದ್ದಾನೆ ಅಂತ ಅಷ್ಟು ನೋಡಿ ಹೇಳಪ್ಪಾ." ದಸ್ತಗಿರಿ ಪಟ್ಟಿ ತೆರೆದೆ. ಇಲ್ಲ. ಎಫ್‌ಐಆರ್ ಪುಟದಲ್ಲಿ ಹತ್ತಿರದ ಮೂರು ಠಾಣೆ ನೋಡಿದೆ. ಎರಡನೆಯದರಲ್ಲಿ ಮಧ್ಯಾಹ್ನ ದಾಖಲಾದ ಒಂದು ಬೈಕ್ ಕಳವಿನ ಕೇಸು ಇತ್ತು, ಆರೋಪಿ ಹೆಸರು ಇಲ್ಲ, ಜಾಗ ಮಾತ್ರ ಅಜ್ಜಿಯ ಬೀದಿ. ಇದೇ ಇರಬೇಕು ಅಂತ ಸ್ಕೂಟರ್ ತೆಗೆದೆ.

ಠಾಣೆಯ ಒಳಗೆ ಹೋಗುವ ಮೊದಲೇ ಗೋಡೆಯ ಮೇಲೆ ಒಂದು ಬಿಳಿ ಬೋರ್ಡು. ನೀಲಿ ಮಾರ್ಕರ್‌ನಲ್ಲಿ ಮೂರು ಹೆಸರು, ವಿಳಾಸ, ಸೆಕ್ಷನ್. ಎರಡನೇ ಸಾಲಿನಲ್ಲಿ ಅಜ್ಜಿಯ ಮೊಮ್ಮಗ.

ಈ ಬೋರ್ಡಿಗೆ ಪೋರ್ಟಲ್‌ಗಿಂತ ಹಳೇ ಚರಿತ್ರೆ ಇದೆ. ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟ್, ದಸ್ತಗಿರಿ ಮಾಡಿದ 12 ಗಂಟೆಯೊಳಗೆ ಜಿಲ್ಲೆಯ ಕಂಟ್ರೋಲ್ ರೂಮಿಗೆ ಸುದ್ದಿ ಹೋಗಿ, ಅಲ್ಲಿನ ನೋಟಿಸ್ ಬೋರ್ಡಿನಲ್ಲಿ ಕಾಣುವಂತೆ ಹಾಕಬೇಕು ಅಂದಿತ್ತು. ಹಿಡಿದವರನ್ನು ಗುಟ್ಟಾಗಿ ಇಟ್ಟುಕೊಂಡು ಹೊಡೆಯಬಾರದು ಅನ್ನುವುದಕ್ಕೇ ಆ ನಿಯಮ. ಆಮೇಲೆ ಅದು ಹಳೇ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 41ಸಿ ಆಗಿ 2010ರಲ್ಲಿ ಜಾರಿಗೆ ಬಂತು. 2024ರ ಜುಲೈ 1ರಿಂದ, ಅದರ ಜಾಗಕ್ಕೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಸೆಕ್ಷನ್ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐಗಿಂತ ಕಡಿಮೆಯಿಲ್ಲದ ಒಬ್ಬ ಅಧಿಕಾರಿ ಈ ಮಾಹಿತಿಗೆ ಹೊಣೆ. ಹೆಸರು, ವಿಳಾಸ, ಯಾವ ಅಪರಾಧ, ಇಷ್ಟನ್ನೂ ಎದ್ದು ಕಾಣುವಂತೆ ಹಾಕಬೇಕು, ಡಿಜಿಟಲ್ ರೂಪದಲ್ಲಿ ಹಾಕಿದರೂ ಆಗುತ್ತದೆ. ನಿಮ್ಮವರು ಯಾರಾದರೂ ಕಾಣೆಯಾದರೆ ಠಾಣೆಯಲ್ಲಿ ಬಾಗಿಲ ಸೆಂಟ್ರಿ ಜೊತೆ ವಾದ ಮಾಡಬೇಡಿ, 37ರ ಅಧಿಕಾರಿ ಯಾರು ಅಂತ ಕೇಳಿ. ನಾನು ನೋಡಿದ ಮಟ್ಟಿಗೆ ಆ ಒಂದು ನಂಬರ್ ಹೇಳಿದರೆ ಕುರ್ಚಿ ಸಿಗುತ್ತದೆ.

ಅಜ್ಜಿ ಹುಡುಗನನ್ನು ದೂರದಿಂದ ನೋಡಿ, ತಂದಿದ್ದ ಚಪಾತಿ ಕೊಟ್ಟು ಬಂದರು. ಮರುದಿನ ರಿಮ್ಯಾಂಡ್‌ಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡುವ ವೇಳೆಗೆ ನಮ್ಮ ಜಾಮೀನು ಅರ್ಜಿ ರೆಡಿ ಇತ್ತು, ಪೋರ್ಟಲ್‌ನಿಂದ ಇಳಿಸಿಕೊಂಡ ಎಫ್‌ಐಆರ್ ಜೊತೆಗೆ. ಮೂರನೇ ದಿನ ಬೇರೆ ಕೆಲಸಕ್ಕೆ ಆ ಠಾಣೆಗೆ ಹೋದಾಗ ಹೋಂಗಾರ್ಡ್ ಒಬ್ಬ ಒದ್ದೆ ಬಟ್ಟೆ ಹಿಡಿದು ಆ ಬೋರ್ಡ್ ಒರೆಸುತ್ತಿದ್ದ. ಮೂರು ಹೆಸರೂ ಹೋಯಿತು. ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ಏನ್ ಸಾರ್ ಅಂದ. ಏನಿಲ್ಲಪ್ಪಾ ಅಂದೆ.

ಪೋರ್ಟಲ್‌ಗೆ 3 ಸ್ಟಾರ್. ಬಿಳಿ ಬೋರ್ಡಿಗೆ ಸ್ಟಾರ್ ಕೊಡುವ ಜಾಗ ಎಲ್ಲೂ ಇಲ್ಲ. ಕ್ಯಾಪ್ಚಾ ಈಗಲೂ ಮೂರನೇ ಸಲಕ್ಕೇ ಒಪ್ಪುತ್ತದೆ. ಬಿ ರಿಪೋರ್ಟ್ ಆದೇಶದ 2 ಜೆರಾಕ್ಸ್ ಡೈರಿಯ ಹಿಂದಿನ ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತೇನೆ, ಸಂಘದ ಚುನಾವಣೆ ಮತ್ತೆ ಬಂದೇ ಬರುತ್ತದೆ. ಜೆರಾಕ್ಸ್ ಅಂಗಡಿಯ ಹುಡುಗನಿಗೂ ಈಗಲೇ ಅದರ 200 ಕಾಪಿ ಹೇಳಿಟ್ಟಿದ್ದೇನೆ.